ನಾಯಿಗೂ ಒಂದು ಕಲ್ಲಿದೆ

ಹುಂಚದ ಹತ್ತಿರದ ನಮ್ಮ ಕೇರಿಯಲ್ಲಿ, ಬಾವಿಕಟ್ಟೆಯ ಪಕ್ಕ, ಒಂದು ಕಲ್ಲು ಬಿದ್ದಿತ್ತು. ಅರ್ಧ ಮಣ್ಣೊಳಗೆ, ಅರ್ಧ ಮೇಲೆ. ಮೇಲಿದ್ದ ಅರ್ಧದಲ್ಲಿ ಒಂದು ಸೂರ್ಯ, ಒಂದು ಚಂದ್ರ. ಅದರ ಕೆಳಗೆ ಇಬ್ಬರು ಹೆಂಗಸರು ಒಬ್ಬ ಗಂಡಸನ್ನು ತೋಳು ಹಿಡಿದು ಎತ್ತಿಕೊಂಡು ಹೋಗುವ ಹಾಗೆ ಏನೋ ಒಂದು. ಏನೋ ಒಂದು ಅಂತ ಯಾಕೆ ಹೇಳುತ್ತೇವೆ ಅಂದರೆ, ಆ ಕಲ್ಲಿನ ಮೇಲೆ ನಮ್ಮ ಅಜ್ಜಿಯರು, ಅವರ ಅತ್ತೆಯರು ಎಲ್ಲರೂ ಬಟ್ಟೆ ಒಗೆದಿದ್ದಾರೆ. ಬೂದಿನೀರು, ಸೀಗೆಪುಡಿ, ಆಮೇಲೆ ಸೋಪು. ಮುಖಗಳು ಸವೆದು ಹೋಗಿದ್ದವು.

ಬಹಳ ವರ್ಷಗಳ ಹಿಂದೆ ಪೇಟೆಯಿಂದ ಬಂದವರೊಬ್ಬರು ಅದನ್ನು ನೋಡಿ, 'ವೀರಗಲ್ಲು, ಆದರೆ ಅಕ್ಷರ ಇಲ್ಲ, ಪ್ರಯೋಜನ ಇಲ್ಲ' ಅಂತ ಹೇಳಿ ಹೋದರು. ಅಕ್ಷರ ಇಲ್ಲ, ಪ್ರಯೋಜನ ಇಲ್ಲ ಅನ್ನೋ ಮಾತು ನಮ್ಮ ಕೇರಿಗೆ ಹೊಸದಲ್ಲ. ಅದನ್ನು ಕಲ್ಲಿಗೂ ಹೇಳಿದರಲ್ಲಾ ಅಂತ ನಕ್ಕು ಸುಮ್ಮನಾದೆವು. ಆಮೇಲೆ ಇನ್ನೊಬ್ಬರು ಬಂದರು. ಅವರು ಬೇರೆ ಮಾತು ತಂದರು. ಇಂಥ ಕಲ್ಲು ಹೀಗೆ ಕೆಸರಲ್ಲಿ ಬಿದ್ದಿರಬಾರದು, ಇದನ್ನು ಮ್ಯೂಸಿಯಂಗೆ ಸಾಗಿಸಬೇಕು, ನೀವು ಒಪ್ಪಿದರೆ ಲಾರಿ ತರಿಸುತ್ತೇವೆ ಅಂದರು.

ಕೇರಿಯಲ್ಲಿ ಎರಡು ಪಕ್ಷ ಆಯಿತು. 'ಹೋಗಲಿ ಬಿಡಿ, ಅಲ್ಲಿ ನೆರಳಲ್ಲಾದರೂ ಇರುತ್ತೆ' ಅನ್ನುವವರು ಒಂದು ಕಡೆ. 'ನಮ್ಮದು ಅಂತ ಇರೋದೇ ಒಂದು ಕಲ್ಲು, ಅದನ್ನೂ ಕೊಡಬೇಕಾ?' ಅನ್ನುವವರು ಇನ್ನೊಂದು ಕಡೆ. ಕೊನೆಗೆ ಒಬ್ಬ ಹಿರಿಯರು ಹೇಳಿದರು: 'ಹೆಣ್ಣು ಕೊಡೋ ಮುಂಚೆ ಮನೆ ನೋಡಿ ಬರೋದಿಲ್ವಾ? ಹಂಗೇ ಆ ಮ್ಯೂಸಿಯಂ ಎಂತದು ಅಂತ ನೋಡ್ಕಂಡು ಬನ್ನಿ.' ಹೀಗೆ ನಾವು ಬೆಂಗಳೂರಿಗೆ ಹೊರಟೆವು. ಇಬ್ಬರು ಮೇಷ್ಟ್ರು, ಐದು ಜನ ಕಾಲೇಜು ಹುಡುಗ ಹುಡುಗಿಯರು, ಇಬ್ಬರು ಹೆಂಗಸರು, ಉಳಿದವರು ಸಂಘಟನೆಯ ಕೆಲಸ ಮಾಡುವವರು.

ಹೊರಡುವ ಮುಂಚೆ ನಮ್ಮ ಊರಿನ ಮಾತು ಸ್ವಲ್ಪ ಹೇಳಬೇಕು. ಹುಂಚ ಅಂದರೆ ಹೊರಗಿನವರಿಗೆ ಬಸದಿಗಳ ಊರು, ಸಾಂತರರ ರಾಜಧಾನಿ, ಪದ್ಮಾವತಿ ಅಮ್ಮನ ಊರು. 897ರಲ್ಲಿ ವಿಕ್ರಮ ಸಾಂತರ ಇಲ್ಲಿ ಮೌನಿ ಸಿದ್ಧಾಂತ ಭಟ್ಟಾರಕರಿಗಾಗಿ ಬಸದಿ ಕಟ್ಟಿಸಿದ. 1077ರಲ್ಲಿ ಚಟ್ಟಲದೇವಿ ಪಂಚಕೂಟ ಬಸದಿ ಕಟ್ಟಿಸಿದಳು. ತಾಯಿ ಇಲ್ಲದ ಸಾಂತರ ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ ಹೆಂಗಸು ಅವಳು. ಅವಳ ಬಗ್ಗೆ ನಮಗೆ ಗೌರವವೇ ಇದೆ. ಗಂಡಸರ ಹೆಸರಿನ ಕಾಡಿನಲ್ಲಿ ಒಬ್ಬ ಹೆಂಗಸು ಇಷ್ಟು ಗಟ್ಟಿಯಾಗಿ ನಿಂತಿರುವುದು ಸಣ್ಣ ಮಾತಲ್ಲ. ಬಿ. ಎಲ್. ರೈಸ್ ಈ ಸೀಮೆಯ ಶಾಸನಗಳನ್ನೆಲ್ಲ ಓದಿಸಿ 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ. ಹುಂಚದ್ದು ಅದರಲ್ಲಿ ನಗರ ತಾಲ್ಲೂಕಿನ ಕೆಳಗೆ ಬರುತ್ತದೆ. ಕಟ್ಟಿಸಿದವರ ಹೆಸರು, ಗುರುಗಳ ಹೆಸರು, ದಾನ ಬಿಟ್ಟ ಊರುಗಳ ಹೆಸರು ಎಲ್ಲ ಇವೆ. ಆ ಊರುಗಳಲ್ಲಿ ನಾಟಿ ನೆಟ್ಟವರನ್ನು ಹುಡುಕಬೇಡಿ.

ಊರಿನ ಹೆಸರಿಗೆ ಒಂದು ಕಥೆ ಇದೆ. ಉತ್ತರದ ಮಧುರೆಯಿಂದ ಜಿನದತ್ತರಾಯ ದೇವಿಯ ವಿಗ್ರಹವನ್ನು ಹೊತ್ತು ಬಂದನಂತೆ, ಲಕ್ಕಿ ಗಿಡದ ಕೆಳಗೆ ದಣಿವಾರಿಸಿಕೊಂಡನಂತೆ, ಆ ವಿಗ್ರಹಕ್ಕೆ ತಾಗಿಸಿದ ಕಬ್ಬಿಣವೆಲ್ಲ ಹೊನ್ನಾಯಿತಂತೆ. ಅದಕ್ಕೇ ಹೊಂಬುಚ್ಚ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಈ ಕಥೆ ಕೇಳಿ ಮನೆಗೆ ಬಂದು ಹೇಳಿದಾಗ ನಮ್ಮ ಅಜ್ಜಿಯೊಬ್ಬಳು, 'ಅವರು ಮುಟ್ಟಿದ್ದು ಚಿನ್ನ ಆಯ್ತು, ನಾವು ಮುಟ್ಟಿದ್ದು ಮೈಲಿಗೆ ಆಯ್ತು' ಅಂದಿದ್ದಳು. ಅವಳು ಯಾವ ಪುಸ್ತಕವನ್ನೂ ಓದಿದವಳಲ್ಲ.

ರಿಪ್ಪನ್‌ಪೇಟೆ ಮೇಲೆ ಶಿವಮೊಗ್ಗಕ್ಕೆ ಬಸ್ಸು. ದಾರಿಯಲ್ಲಿ ಅರಸಾಳು. ಅಲ್ಲಿಯ ಹಳೆಯ ರೈಲು ನಿಲ್ದಾಣದಲ್ಲಿ ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಗೆ ಚಿತ್ರೀಕರಣ ಮಾಡಿದ್ದರು. 2020ರಲ್ಲಿ ರೈಲ್ವೆಯವರು ಅದನ್ನು ಚೆಂದ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಶಂಕರ್ ನಾಗ್ ಅಂದರೆ ನಮಗೂ ಪ್ರೀತಿ. ಆದರೆ ತಮಾಷೆ ನೋಡಿ: ನಮ್ಮ ತಾಲ್ಲೂಕಿನಲ್ಲಿ ಇಲ್ಲದ ಊರಿಗೊಂದು ಮ್ಯೂಸಿಯಂ ಇದೆ, ಇರುವ ಕೇರಿಗೆ ಇಲ್ಲ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಕೆಂಪು ಬಣ್ಣದ ಕಟ್ಟಡ. ಈ ಮ್ಯೂಸಿಯಂ ಹುಟ್ಟಿದ್ದು 1865ರಲ್ಲಿ, ಬ್ರಿಟಿಷ್ ಕಮಿಷನರ್ ಬೌರಿಂಗನ ಕಾಲದಲ್ಲಿ. ಮೊದಲು ಬೇರೆ ಕಡೆ, ಜೈಲಿದ್ದ ಕಟ್ಟಡದಲ್ಲಿ ಶುರುವಾಯಿತಂತೆ. ಈಗಿನ ಕಟ್ಟಡ 1877ರದ್ದು. ಒಳಗೆ ಹೋಗುವಾಗ ನಮ್ಮ ಜೊತೆಗಿದ್ದ ಹೆಂಗಸೊಬ್ಬರು ಬಾಗಿಲಲ್ಲಿ ಚಪ್ಪಲಿ ಬಿಟ್ಟರು. 'ಅಕ್ಕಾ, ಇದು ದೇವಸ್ಥಾನ ಅಲ್ಲ, ಹಾಕ್ಕೊಳ್ಳಿ' ಅಂದರೆ, 'ನಮ್ಮನ್ನ ಒಳಗೆ ಬಿಟ್ಟಿದ್ದಾರಲ್ಲ, ಅದಕ್ಕೆ ಬಿಟ್ಟೆ' ಅಂದರು. ಏನು ಹೇಳೋದು ಅಂತ ನಮಗೆ ತಿಳಿಯಲಿಲ್ಲ.

ಕತ್ತಿ, ನಾಣ್ಯ, ಕಂಚಿನ ವಿಗ್ರಹ, ಹೊಯ್ಸಳರ ಕೆತ್ತನೆ. ಇವನ್ನೆಲ್ಲ ದಾಟಿ ನಾವು ಕಲ್ಲುಗಳ ಹತ್ತಿರ ಹೋದೆವು. ನಾವು ಬಂದದ್ದೇ ಕಲ್ಲಿಗಾಗಿ. ಅಲ್ಲಿ ಆತಕೂರಿನ ಕಲ್ಲು ಸಿಕ್ಕಿತು.

ಈ ಕಲ್ಲಿನ ಸಮಾಚಾರ ಮೇಷ್ಟ್ರುಗಳಿಗೆ ಗೊತ್ತಿರಬಹುದು, ಗೊತ್ತಿಲ್ಲದವರಿಗಾಗಿ ಹೇಳುತ್ತೇವೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ ಕಲ್ಲು ಇದು. ಕಾಲ ಸುಮಾರು 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಸೇರಿ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನನ್ನು ಕೊಂದ ಯುದ್ಧದ ಸುದ್ದಿ ಇದರಲ್ಲಿದೆ. ಇತಿಹಾಸದ ಪುಸ್ತಕಗಳಿಗೆ ಬೇಕಾದದ್ದು ಆ ಸುದ್ದಿ. ಆದರೆ ಕಲ್ಲು ನೆಟ್ಟದ್ದು ಅದಕ್ಕಲ್ಲ. ಬೂತುಗನ ಕಡೆಯ ಮಣಲೆರ ಎಂಬ ವೀರ ಆ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ. ಮೆಚ್ಚಿಕೊಂಡವರು ಏನು ಬೇಕು ಕೇಳು ಅಂದರು. ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕಾಳಿ ಅನ್ನುವ ಬೇಟೆನಾಯಿಯನ್ನು ಕೇಳಿದ. ಆ ನಾಯಿ ಮುಂದೆ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರ ಗುಡಿಯ ಎದುರಿಗೆ ಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಚ್ಚಾಡುವ ಕೆತ್ತನೆ ಇದೆ. ಆ ಕಲ್ಲಿನ ಪೂಜೆಗೆ ಕೆರೆಯ ಕೆಳಗಿನ ನೆಲ ಬಿಟ್ಟರು. ಆ ಸ್ಥಾನದ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೆ ಪಾಪ ಅಂತ ಕಟ್ಟಳೆಯನ್ನೂ ಕೊರೆಸಿದರು.

ಮೇಷ್ಟ್ರು ಇದನ್ನು ಓದಿ ಹೇಳಿ ಮುಗಿಸಿದಾಗ ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಹುಡುಗ ಕೇಳಿದ: 'ಸಾರ್, ನಾಯಿಗೆ ಗುಡಿ ಮುಂದೆ ಜಾಗ ಕೊಟ್ರು. ಹೆಸರು ಕೊಟ್ರು. ನೆಲ ಕೊಟ್ರು. ನಮಗೆ?'

ಈ ಪ್ರಶ್ನೆಯನ್ನು ನಾವು ಭಾಷಣಕ್ಕೆ ಉಪಯೋಗಿಸಿಕೊಳ್ಳಬಹುದಿತ್ತು, ಮತ್ತು ನಿಜ ಹೇಳಬೇಕೆಂದರೆ ನಮಗೆ ತಕ್ಷಣ ಹೊಳೆದದ್ದೂ ಅದೇ. ಮಹಾಡದ ಚೌದಾರ್ ಕೆರೆಯಲ್ಲಿ ನಾಯಿ ಹಸು ನೀರು ಕುಡಿಯಬಹುದಿತ್ತು, ಅಸ್ಪೃಶ್ಯ ಕೈ ಹಾಕುವಂತಿರಲಿಲ್ಲ; ಬಾಬಾಸಾಹೇಬರು 1927ರ ಮಾರ್ಚ್ 20ರಂದು ಸಾವಿರಾರು ಜನರನ್ನು ಕರೆದುಕೊಂಡು ಹೋಗಿ ಆ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಆತಕೂರಿನಿಂದ ಮಹಾಡಕ್ಕೆ ಸಾವಿರ ವರ್ಷಕ್ಕೆ ಇಪ್ಪತ್ತು ಮೂವತ್ತು ಕಮ್ಮಿ. ಅಷ್ಟು ವರ್ಷ ನಾಯಿಯ ಮರ್ಯಾದೆ ಮನುಷ್ಯನ ಮರ್ಯಾದೆಗಿಂತ ಮುಂದೆ ಓಡುತ್ತಲೇ ಬಂತು. ಇದು ಸರಿಯಾದ ಮಾತೇ. ನಾಯಿಯ ಮೇಲೆ ನಮಗೆ ಸಿಟ್ಟಿಲ್ಲ. ಮಣಲೆರನ ಮೇಲೂ ಇಲ್ಲ. ಸತ್ತ ನಾಯಿಗಾಗಿ ಕಲ್ಲು ನಿಲ್ಲಿಸುವಷ್ಟು ಎದೆ ಇದ್ದ ಮನುಷ್ಯ ಅವನು. ಆ ಎದೆಯೊಳಗೆ ಯಾರಿಗೆ ಜಾಗ ಇತ್ತು, ಯಾರಿಗೆ ಇರಲಿಲ್ಲ ಅನ್ನೋದಷ್ಟೇ ನಮ್ಮ ತಕರಾರು.

ಆದರೆ ಅಲ್ಲೇ ನಮ್ಮ ತಪ್ಪೂ ನಮಗೆ ಕಾಣತೊಡಗಿತು. ಅದನ್ನು ಮುಚ್ಚಿಡದೆ ಬರೆಯಬೇಕು. ಎಷ್ಟೋ ವರ್ಷದಿಂದ ನಾವು ಸಭೆಗಳಲ್ಲಿ 'ಇತಿಹಾಸ ಅಂದರೆ ರಾಜರ ಚರಿತ್ರೆ, ಶಾಸನ ಅಂದರೆ ಪುರೋಹಿತಶಾಹಿಯ ಲೆಕ್ಕಪುಸ್ತಕ, ಅದರಲ್ಲಿ ನಮಗೆ ಏನೂ ಇಲ್ಲ' ಅಂತ ಹೇಳಿಕೊಂಡು ಬಂದಿದ್ದೇವೆ. ಚಪ್ಪಾಳೆ ಬೀಳುತ್ತಿತ್ತು. ಓದಿ ನೋಡಿ ಹೇಳಿದ್ದಲ್ಲ, ಓದದೆ ಹೇಳಿದ್ದು. ಆತಕೂರಿನ ಕಲ್ಲಿನ ಹಾಗೆಯೇ ಬೇಗೂರಿನ ಒಂದು ವೀರಗಲ್ಲೂ ಇದೇ ಮ್ಯೂಸಿಯಂಗೆ ಬಂದಿದೆ. ನಾಗತ್ತರನೆಂಬ ಗಂಗರ ಸಾಮಂತನದು, ಆನೆ ಕುದುರೆಗಳ ದೊಡ್ಡ ಕಾಳಗ, ಅವನ ಕಡೆಯವರಿಗೆ ಕೊಟ್ಟ ಊರುಗಳ ಪಟ್ಟಿ. ಅದು ದೊಡ್ಡವರ ಕಲ್ಲು, ಸರಿ. ಆದರೆ ಬೇಗೂರಿನಲ್ಲೇ ಉಳಿದಿರುವ ಇನ್ನೊಂದು ಕಲ್ಲಿದೆ. ಮರುದಿನ ಅದನ್ನು ನೋಡಲು ಬಸ್ಸು ಹತ್ತಿ ನಾಗೇಶ್ವರ ಗುಡಿಗೆ ಹೋದೆವು. ಸುಮಾರು 890ರ ಕಲ್ಲು. ನಾಗತ್ತರನ ಕಡೆಯ ಒಬ್ಬ ಬೆಂಗಳೂರಿನ ಕಾಳಗದಲ್ಲಿ ಸತ್ತ ಅಂತ ಅದರಲ್ಲಿದೆ. 'ಬೆಂಗಳೂರು' ಅನ್ನೋ ಹೆಸರು ಕಲ್ಲಿನ ಮೇಲೆ ನಮಗೆ ಸಿಗುವುದು ಅಲ್ಲಿಂದ. ಬೆಂದಕಾಳಿನ ಕಥೆ, ಅಜ್ಜಿ ಹೊಯ್ಸಳ ದೊರೆಗೆ ಕಾಳು ಬೇಯಿಸಿಕೊಟ್ಟಳು ಅನ್ನೋ ಕಥೆ, ಎಲ್ಲಾ ಆಮೇಲಿನದು. ಇಷ್ಟು ದೊಡ್ಡ ನಗರದ ಹೆಸರು ಮೊದಲು ಬರೆದದ್ದು ಯಾರೋ ಪಟ್ಟ ಕಟ್ಟಿಸಿಕೊಂಡದ್ದಕ್ಕಲ್ಲ. ಅಲ್ಲಿ ಒಬ್ಬ ಆಳು ಸತ್ತದ್ದಕ್ಕೆ.

ವೀರಗಲ್ಲು ಅಂದರೆ ಇದೇ. ಕರ್ನಾಟಕದಲ್ಲಿ ಸಾವಿರಗಟ್ಟಲೆ ಇವೆ. ತುರು ಕಾಯಲು ಹೋಗಿ ಸತ್ತವರು, ಊರು ಕಾಯಲು ಹೋಗಿ ಸತ್ತವರು, ಹೆಂಗಸರ ಮಾನ ಉಳಿಸಲು ಸತ್ತವರು. ಮೂರು ಅಂಕಣ: ಕೆಳಗೆ ಕಾಳಗ, ನಡುವೆ ದೇವಕನ್ಯೆಯರು ಎತ್ತಿಕೊಂಡು ಹೋಗೋದು, ಮೇಲೆ ದೇವರ ಸನ್ನಿಧಿ. ಇವರಲ್ಲಿ ಎಲ್ಲರೂ ದೊರೆಮಕ್ಕಳಲ್ಲ. ಯಾರು ಯಾವ ಕುಲ ಅಂತ ಹೆಚ್ಚಿನ ಕಲ್ಲುಗಳು ಹೇಳುವುದಿಲ್ಲ. ಹೇಳದೆ ಇರೋ ಜಾಗವನ್ನೆಲ್ಲ ನಾವು ಮೇಲಿನವರಿಗೆ ಬರೆದುಕೊಟ್ಟುಬಿಟ್ಟೆವಲ್ಲ, ಯಾರು ಬರೆದುಕೊಡಿ ಅಂದಿದ್ದರು?

ನಡುವೆ ಕೋಟೆ ಮತ್ತು ಟಿಪ್ಪುವಿನ ಬೇಸಿಗೆ ಅರಮನೆ ನೋಡಿದೆವು. 1537ರಲ್ಲಿ ಕೆಂಪೇಗೌಡ ಮಣ್ಣಿನ ಕೋಟೆ ಕಟ್ಟಿದ, 1761ರಲ್ಲಿ ಹೈದರಾಲಿ ಕಲ್ಲಿನದು ಮಾಡಿಸಿದ, 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್ ಹಿಡಿದ. ಮರದ ಕಂಬಗಳ ಅರಮನೆ ಹೈದರನ ಕಾಲದಲ್ಲಿ ಶುರುವಾಗಿ ಟಿಪ್ಪುವಿನ ಕಾಲದಲ್ಲಿ, ಅದೇ 1791ರಲ್ಲಿ ಮುಗಿಯಿತು. ಹೊಸನಗರ ತಾಲ್ಲೂಕಿನವರಿಗೆ ಇಲ್ಲಿ ಒಂದು ಲೆಕ್ಕ ನೆನಪಾಗಬೇಕು. ಹೈದರ್ 1763ರಲ್ಲಿ ಗೆದ್ದುಕೊಂಡ ಬಿದನೂರು ನಮ್ಮ ನಗರವೇ. ಅಲ್ಲಿ ಸಿಕ್ಕಿದ ಕೆಳದಿ ಅರಸರ ಬೊಕ್ಕಸ ಅವನ ರಾಜ್ಯದ ಬೆನ್ನುಮೂಳೆ ಆಯಿತು ಅಂತ ಚರಿತ್ರೆಕಾರರೇ ಬರೆಯುತ್ತಾರೆ. ಆ ಬೊಕ್ಕಸದಲ್ಲಿದ್ದದ್ದು ಏನು? ಮಲೆನಾಡಿನ ಮೆಣಸು, ಅಡಿಕೆ, ಅಕ್ಕಿ. ಅಂದರೆ ನಮ್ಮ ಸೀಮೆಯ ಗೇಯ್ಮೆ. ಕೋಟೆಯ ಬಾಗಿಲು ನಿಲ್ಲಲಿಲ್ಲವೆಂದು ಕೆಂಪೇಗೌಡನ ತುಂಬು ಗರ್ಭಿಣಿ ಸೊಸೆ ಲಕ್ಷ್ಮಿ ತಾನೇ ತಲೆ ಕೊಟ್ಟಳು ಅನ್ನೋ ಐತಿಹ್ಯವೂ ಇದೆ. ಕೋರಮಂಗಲದಲ್ಲಿ ಅವಳ ಗುಡಿ ಇದೆ. ಕೆರೆಗೆ ಹಾರವಾದ ಹೆಣ್ಣಿನ ಹಾಡು ಕೇಳಿ ಬೆಳೆದ ನಮ್ಮ ಹೆಂಗಸರು ಈ ಕಥೆ ಕೇಳಿ, 'ಇಲ್ಲೂ ಸೊಸೆಯೇ ಸಿಕ್ಕಿದ್ದು' ಅಂದರು.

ವಿಧಾನಸೌಧವನ್ನು ಹೊರಗಿನಿಂದ ನೋಡಿದೆವು. 1951ರ ಜುಲೈ 13ರಂದು ನೆಹರೂ ಶಂಕುಸ್ಥಾಪನೆ ಮಾಡಿದ್ದು, ಕೆಂಗಲ್ ಹನುಮಂತಯ್ಯನವರು ನಕ್ಷೆ ಬದಲಾಯಿಸಿ ದೊಡ್ಡದು ಮಾಡಿ ಕಟ್ಟಿಸಿದ್ದು, 1956ರಲ್ಲಿ ಮುಗಿದದ್ದು. ಸುಮಾರು 5000 ಕೂಲಿಗಳು, 1500ರಷ್ಟು ಕಲ್ಲುಕುಟಿಗರೂ ಬಡಗಿಗಳೂ ದುಡಿದರು, ಕೂಲಿಗಳಲ್ಲಿ ಜೈಲಿನ ಕೈದಿಗಳೂ ಇದ್ದರು ಅನ್ನುತ್ತಾರೆ. ಬಾಗಿಲ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಅಂತ ಇದೆ. ಕಲ್ಲುಕುಟಿಗರ ಕೆಲಸ ಯಾರ ಕೆಲಸ ಅಂತ ಬರೆದಿಲ್ಲ.

ಆ 1951 ಅನ್ನೋ ಇಸವಿ ನಮ್ಮನ್ನು ಅಲ್ಲೇ ಹಿಡಿದು ನಿಲ್ಲಿಸಿತು. ಇಲ್ಲಿ ಶಂಕುಸ್ಥಾಪನೆ ಆಗೋದಕ್ಕೆ ಮೂರು ತಿಂಗಳ ಹಿಂದೆ, ಏಪ್ರಿಲ್‌ನಲ್ಲಿ, ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಗದ್ದೆಗೆ ಇಳಿದು ಸತ್ಯಾಗ್ರಹ ಶುರು ಮಾಡಿದ್ದರು. ಎಚ್. ಗಣಪತಿಯಪ್ಪನವರು ದೀವರ ರೈತರನ್ನು ಕಟ್ಟಿಕೊಂಡು ಹೂಡಿದ ಹೋರಾಟ. ಜೂನ್‌ನಲ್ಲಿ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಅದರ ಬೇರಿನಲ್ಲಿ ಇದ್ದದ್ದು ಒಂದು ಕೊಳಗ. ಒಡೆಯರು ಗೇಣಿ ಅಳೆಯುವ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದು. ಅಂದರೆ ಒಂದೇ ಹೆಸರಿನ ಎರಡು ಅಳತೆ, ಒಂದು ಲೋಕಕ್ಕೆ, ಒಂದು ಗೇಣಿದಾರನಿಗೆ.

ನಾವು ಹೇಳುವುದು ಇಷ್ಟೇ. ಆ ಎರಡು ಕೊಳಗಗಳನ್ನು ಒಂದರ ಪಕ್ಕ ಒಂದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು, ಕೆಳಗೆ ಇಸವಿ ಬರೆದರೆ ಸಾಕು. ಯಾವ ಕತ್ತಿಯೂ ಹೇಳದ ಇತಿಹಾಸವನ್ನು ಅದು ಹೇಳುತ್ತದೆ. ನಾವು ಸುತ್ತಿದ ಯಾವ ಕೋಣೆಯಲ್ಲೂ ಅದು ಕಾಣಲಿಲ್ಲ. ಕೊಳಗ ನೋಡಬೇಕಾದರೆ ಮೈಸೂರು ರಸ್ತೆಯಲ್ಲಿ ರಾಮನಗರದ ಜಾನಪದ ಲೋಕಕ್ಕೆ ಹೋಗಬೇಕು. ಎಚ್. ಎಲ್. ನಾಗೇಗೌಡರು ಪ್ರೀತಿಯಿಂದ ಕಟ್ಟಿದ್ದು ಅದು, ನೇಗಿಲು, ಕುಂಟೆ, ಅಳತೆಪಾತ್ರೆ ಎಲ್ಲ ಜೋಪಾನ ಮಾಡಿದ್ದಾರೆ. ಅದಕ್ಕೆ ನಾವು ಋಣಿಗಳು. ಆದರೂ ಈ ಪಾಲುಪಟ್ಟಿ ನೋಡಿ. ಅರಸನ ಕತ್ತಿ ಇತಿಹಾಸ, ನಮ್ಮ ಕುಡುಗೋಲು ಜಾನಪದ. ಕತ್ತಿಗೆ ಇಸವಿ ಇದೆ, ಕುಡುಗೋಲಿಗೆ 'ಹಿಂದಿನ ಕಾಲದ್ದು' ಅಂತ ಇದೆ. ಇಸವಿ ಇಲ್ಲದ್ದಕ್ಕೆ ಯಾರೂ ಜವಾಬ್ದಾರರಲ್ಲ ನೋಡಿ. ದೊಡ್ಡ ಕೊಳಗವನ್ನು ಜಾನಪದ ಅಂದುಬಿಟ್ಟರೆ ಅದು ಚೆಂದದ ಹಳೇ ಪಾತ್ರೆ. ಇತಿಹಾಸ ಅಂದರೆ ಅದು ಕಳ್ಳತನದ ಸಾಕ್ಷಿ.

ಇನ್ನೂ ಒಂದು ಮಾತು, ನಮ್ಮವರಿಗೇ. ಕಾಗೋಡಿನ ಹೋರಾಟದ ಬೆಳೆ ದೇವರಾಜ ಅರಸರ 1974ರ ಭೂಸುಧಾರಣೆಯಲ್ಲಿ ಕೈಗೆ ಬಂತು. ಉಳುವವನಿಗೆ ಭೂಮಿ ಬಂತು, ದೊಡ್ಡ ಕೆಲಸ. ಉಳುವವನ ಗದ್ದೆಯಲ್ಲಿ ಕೂಲಿಗೆ ನಿಂತವನಿಗೆ ಬಹುಮಟ್ಟಿಗೆ ಬರಲಿಲ್ಲ. ಮ್ಯೂಸಿಯಂ ಕಟ್ಟುವಾಗ ಈ ಖಾಲಿ ಪೆಟ್ಟಿಗೆಯನ್ನೂ ಇಡಬೇಕಾಗುತ್ತದೆ.

ಸರ್ಕಾರಿ ಮ್ಯೂಸಿಯಂ ಪಕ್ಕದಲ್ಲೇ ವಿಶ್ವೇಶ್ವರಯ್ಯನವರ ಹೆಸರಿನ ಕೈಗಾರಿಕಾ ಮ್ಯೂಸಿಯಂ ಇದೆ. ಹುಡುಗರು ಅಲ್ಲಿಂದ ಹೊರಗೆ ಬರಲೊಲ್ಲರು. ಯಂತ್ರ ತಿರುಗುತ್ತದೆ, ದೀಪ ಹತ್ತುತ್ತದೆ. ಈ ನಗರಕ್ಕೆ ದೀಪ ಹತ್ತಿಸಿದ ನೀರಿನಲ್ಲಿ ನಮ್ಮ ಶರಾವತಿಯದೂ ಪಾಲಿದೆ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದಾಗ ಸಾಗರ, ಹೊಸನಗರ ಸೀಮೆಯ ಊರುಗಳು ಮುಳುಗಿದವು. ಅದರ ಜೊತೆ ಎಷ್ಟು ವೀರಗಲ್ಲು ಮುಳುಗಿತೋ, ಎಷ್ಟು ಒಗೆಯುವ ಕಲ್ಲು ಮುಳುಗಿತೋ.

ನಮ್ಮ ಪ್ರಯಾಣದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕೊನೆಯ ದಿನ, ಹೆಬ್ಬಾಳದಲ್ಲಿ. 2018ರಲ್ಲಿ ಅಲ್ಲಿ ಚರಂಡಿ ಕೆಲಸಕ್ಕೆ ನೆಲ ಅಗೆಯುವಾಗ ಒಂದು ಕಲ್ಲು ಮೇಲೆ ಬಂತು. ಓದಿದವರು ನೋಡಿ, ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ರದ್ದು ಅಂದರು. ಕಿತ್ತಯ್ಯ ಎಂಬವನು ಊರಿನ ಮೇಲೆ ಬಂದವರನ್ನು ತಡೆಯಲು ಹೋಗಿ ಸತ್ತ ಅಂತ ಅದರಲ್ಲಿದೆ. ಬೆಂಗಳೂರಿನ ಸುತ್ತ ಸಿಕ್ಕಿರುವ ಬರಹಗಳಲ್ಲಿ ಬಹಳ ಹಳೆಯದು. ಚರಂಡಿ ಅಗೆದವರು ಕಲ್ಲಿಗೆ ಪೆಟ್ಟಾಗದ ಹಾಗೆ ಎತ್ತಿದ್ದರಿಂದ ತಾನೇ ಅದು ಉಳಿದದ್ದು? ಅವರ ಹೆಸರನ್ನು ನಾವು ಎಲ್ಲೂ ನೋಡಲಿಲ್ಲ. ಇರಲಿ. ನಮಗೆ ಮುಖ್ಯವಾದದ್ದು ಆಮೇಲಿನದು. ಕಲ್ಲನ್ನು ಮ್ಯೂಸಿಯಂಗೆ ಕಳಿಸಲಿಲ್ಲ. ಊರವರೂ ಶಾಸನದ ಆಸಕ್ತಿ ಇರುವವರೂ ಸೇರಿ, ದುಡ್ಡು ಕೂಡಿಸಿ, ಹೆಬ್ಬಾಳದಲ್ಲೇ ಅದಕ್ಕೊಂದು ಮಂಟಪ ಕಟ್ಟಿಸಿದರು. ಕಿತ್ತಯ್ಯ ತಾನು ಕಾದ ಊರಲ್ಲೇ ಇದ್ದಾನೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ.

ಆತಕೂರಿನ ಕಾಳಿ ಮ್ಯೂಸಿಯಂನಲ್ಲಿ ಸುಖವಾಗಿದೆ, ಮಳೆ ಬಿಸಿಲು ಇಲ್ಲ. ಆದರೆ ಆತಕೂರಿನ ಮಕ್ಕಳು ಅದನ್ನು ನೋಡಬೇಕಾದರೆ ಬಸ್ಸಿಗೆ ದುಡ್ಡು ಹೊಂದಿಸಬೇಕು. ಎಲ್ಲ ಕಲ್ಲನ್ನೂ ಊರಲ್ಲೇ ಬಿಡಿ ಅಂತ ನಾವು ಹೇಳುವುದಿಲ್ಲ. ನಿಧಿ ಆಸೆಗೆ ಕಲ್ಲು ಕಿತ್ತು ಒಡೆಯುವವರು ಮಲೆನಾಡಿನಲ್ಲಿ ಕಡಿಮೆ ಇಲ್ಲ, ಕಾಯುವವರಿಲ್ಲದ ಕಡೆ ಮ್ಯೂಸಿಯಮ್ಮೇ ಸರಿ. ಕಾಯುವವರು ಇರುವ ಕಡೆ ಅವರನ್ನು ಕೇಳಬೇಕು. ನಮ್ಮ ಕೇರಿಯವರನ್ನು ಕೇಳಿದ್ದಾರಲ್ಲ, ಅಷ್ಟರಮಟ್ಟಿಗೆ ಲಾರಿ ತರಿಸುತ್ತೇವೆ ಅಂದವರಿಗೆ ನಮಸ್ಕಾರ.

ವಾಪಸು ಬಂದು ಕೇರಿಯ ಸಭೆಯಲ್ಲಿ ಎಲ್ಲ ಹೇಳಿದೆವು. ನಾಯಿಯ ಕಥೆಯನ್ನು ಮೂರು ಸಲ ಹೇಳಿಸಿದರು. ಕಲ್ಲು ಕೊಡೋದು ಬೇಡ ಅಂತ ತೀರ್ಮಾನ ಆಯಿತು. ಮೊದಲು ಕೊಡೋಣ ಅಂದಿದ್ದವರೇ ಭಾನುವಾರ ಹಾರೆ, ಗುದ್ದಲಿ, ಹಗ್ಗ ತಂದರು. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದ್ದು ಮಧ್ಯಾಹ್ನ ಎರಡಾಯಿತು. ಮಣ್ಣೊಳಗಿದ್ದ ಅರ್ಧ ಮೇಲೆ ಬಂತು. ನೀರು ಹೊಯ್ದು ತೆಂಗಿನ ನಾರಿನಿಂದ ತಿಕ್ಕಿದೆವು. ಮಣ್ಣಲ್ಲಿ ಹುದುಗಿದ್ದ ಕೆಳಗಿನ ಅಂಕಣ ಮೇಲಿನದಕ್ಕಿಂತ ಚೆನ್ನಾಗಿ ಉಳಿದಿತ್ತು. ಎರಡು ಹಸು. ಬಿಲ್ಲು ಹಿಡಿದು ಎದುರು ನಿಂತ ಒಬ್ಬ ಗಂಡಸು. ಮೈಮೇಲೆ ಒಡವೆ ಇಲ್ಲ, ಕಿರೀಟ ಇಲ್ಲ, ಕುದುರೆ ಇಲ್ಲ. ಸೊಂಟಕ್ಕೆ ಒಂದು ತುಂಡು ಬಟ್ಟೆ. ಅಕ್ಷರ ಇರಬಹುದು ಅಂತ ನಾಲ್ಕು ಮಗ್ಗುಲೂ ಹುಡುಕಿದೆವು, ಇರಲಿಲ್ಲ.

ಮೇಷ್ಟ್ರು ಅದರ ಚಿತ್ರ ಬರೆದುಕೊಂಡರು. ಉದ್ದ, ಅಗಲ, ಸಿಕ್ಕಿದ ಜಾಗ, ಎತ್ತಿ ನಿಲ್ಲಿಸಿದ ದಿನ, ಎತ್ತಿದ ಹನ್ನೊಂದು ಜನರ ಹೆಸರು ಎಲ್ಲ ಶಾಲೆಯ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಬಾವಿಕಟ್ಟೆಯ ಪಕ್ಕದಲ್ಲೇ ಗುಂಡಿ ತೋಡಿ ನಿಲ್ಲಿಸಿದೆವು. ಚಪ್ಪಾಳೆ ಬಿತ್ತು. ಯಾರೋ ಕುಂಕುಮ ಹಚ್ಚಲು ಬಂದರು. ಬೇಡ ಅನ್ನೋದಾ, ಹಚ್ಚಲಿ ಅನ್ನೋದಾ ಅಂತ ನಮ್ಮಲ್ಲೇ ವಾದ ಶುರುವಾಯಿತು. ಅದು ಇನ್ನೂ ಮುಗಿದಿಲ್ಲ.

ಆ ಗಲಾಟೆಯಲ್ಲಿ ಒಬ್ಬ ಅಜ್ಜಿ ಬುಟ್ಟಿ ತುಂಬ ಬಟ್ಟೆ ಹೊತ್ತುಕೊಂಡು ಬಂದು ನಿಂತಳು. ಕಲ್ಲನ್ನು ಮೇಲಿಂದ ಕೆಳಗೆ ನೋಡಿದಳು.

'ನಿಲ್ಲಿಸಿದ್ದೀರಿ, ಚೆಂದಾಗಿದೆ. ನಾಳಿಂದ ನಾನು ಎಲ್ಲಿ ಒಗೀಲಿ? ಇನ್ನೊಂದು ಕಲ್ಲು ತಂದು ಹಾಕಿ.'

ಹಗ್ಗ ಹೆಗಲಿಗೆ ಹಾಕಿಕೊಂಡು ಹಳ್ಳದ ಕಡೆ ಹೋದೆವು.